ಹಿಂದಿನ ಗಾಲಿಯೊಳಗಿನ ಸಾಕ್ಷಿ

ಕೇಳಿರಿ ಗೆಳೆಯರೇ! ಹಿಂದಿನ ಗಾಲಿ ಸೊಟ್ಟಾದ ಬೈಕನ್ನು ಬಿಸಿಲಲ್ಲಿ ಎರಡು ಮೈಲಿ ತಳ್ಳಿಕೊಂಡು ಇಂದು ಸಿಂದಗಿ ಸೇರಿದೆ.

“ಏನಾತ್ರಿ ಮಾಸ್ತರ?” ಎಂದ ಮೆಕ್ಯಾನಿಕ್ ಮಲ್ಲಪ್ಪ. ಅವನ ಮಗಳು ನನ್ನ ತರಗತಿಯಲ್ಲಿದ್ದಾಳೆ. ಸುಳ್ಳು ಹೇಳಬಾರದೆಂದು ಅವಳಿಗೆ ದಿನವೂ ಬೋಧಿಸುವವನು ನಾನೇ.

“ರಸ್ತೆದಾಗ ಹೊಂಡ ಬಿದ್ದೈತಿ ಮಲ್ಲಪ್ಪ! ಹೊಂಡಲ್ಲ, ಪಾತಾಳ!” ಎಂದು ಗರ್ಜಿಸಿದೆ.

ಅವನು ಗಾಲಿ ಬಿಚ್ಚಿ, ಮುರಿದ ಸ್ಪೋಕುಗಳ ನಡುವಿನಿಂದ ಗೇಣುದ್ದದ ಕಬ್ಬಿನ ತುಂಡೊಂದನ್ನು ಎಳೆದ.

“ಪಾತಾಳದಾಗ ಕಬ್ಬು ಬೆಳದೈತೇನ್ರಿ? ಹೊಂಟ ಕಬ್ಬಿನ ಟ್ರ್ಯಾಕ್ಟರದಾಗಿಂದು ಜಗ್ಗಿ, ಗಾಡಿಗಿ ಕಟ್ಟಿದ್ರೇನು?”

“ಒಂದ ಕಬ್ಬು ಜಗ್ಗೀನಿ ಮಾರಾಯ,” ಎಂದೆ. ಗರ್ಜನೆಗೆ ಉಸಿರು ಉಳಿದಿರಲಿಲ್ಲ.

ಅವನು ಹೊಸ ಗಾಲಿ ಕೂಡಿಸಿದ, ಚೈನ್ ಬಿಗಿದ, ಕಬ್ಬಿನ ತುಂಡನ್ನು ಮಗಳಿಗೆ ತೋರಿಸಲೆಂದು ಜೇಬಿಗಿಳಿಸಿದ. ನಾಳೆ ಶಾಲೆಯಲ್ಲಿ ಅವಳು ಹೇಳುವ ಮೊದಲು ನಿಮಗೆಲ್ಲ ನಾನೇ ಹೇಳಿಬಿಟ್ಟಿದ್ದೇನೆ. ಇನ್ನು ಮಲಗುತ್ತೇನೆ.