ಬೋರ್ಡು ಬರೆಯುವವರ ಬಲಗಾಲು

ನನ್ನ ಗಂಡ ಬಿದ್ದದ್ದು ಏಣಿ ಜಾರಿ ಅಲ್ಲ. ಇವರು ಹಾಗಂತ ಊರೆಲ್ಲ ಹೇಳಿಕೊಂಡು ತಿರುಗುತ್ತಾರೆ, ನಂಬಬೇಡಿ. ಏಣಿ ಹಿಡಿದು ನಿಂತವಳು ನಾನು. ಅದು ಒಂದಿಷ್ಟೂ ಅಲುಗಿರಲಿಲ್ಲ. ಇವರು ಅಂಗಡಿಗಳಿಗೆ ಬೋರ್ಡು ಬರೆಯುವವರು. ಒಂದು ಅಕ್ಷರ ಮುಗಿಯಿತೆಂದರೆ ಎರಡು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡದಿದ್ದರೆ ಇವರಿಗೆ ಸಮಾಧಾನವಿಲ್ಲ. ಅವತ್ತು ಬೇಕರಿಯ ಬಾಗಿಲ ಮೇಲೆ ‘ಬಿಸಿ ಬ್ರೆಡ್ ಸಿಗು’ ಎನ್ನುವವರೆಗೆ ಬರೆದಿದ್ದರು. ‘ಗು’ ಬಹಳ ಚೆನ್ನಾಗಿ ಬಂದಿತ್ತು. ಅದನ್ನು ನೋಡಲು ಹಿಂದಕ್ಕೆ ಸರಿದರು. ತಾನು ಏಣಿಯ ಮೇಲಿದ್ದೇನೆಂದು ನೆನಪಾಗುವಷ್ಟರಲ್ಲಿ ನೆಲದ ಮೇಲಿದ್ದರು.

“ನೋಡಿದ್ಯೇನೇ, ‘ಗು’ ಹೇಗೆ ಬಂದಿದೆ?” ಎಂದು ಬಿದ್ದಲ್ಲಿಂದಲೇ ಕೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಬಲಗಾಲಿನ ಹರಡು ಆಗಲೇ ಬನ್ನಿನ ಹಾಗೆ ಊದಿತ್ತು.

ಮೂಳೆಯಲ್ಲಿ ಬಿರುಕು, ಕೀಲಿನ ಕಟ್ಟು ಹರಿದಿದೆ ಎಂದರು ಡಾಕ್ಟರು. ಮೂಳೆಯೇನೋ ಕೂಡಿಕೊಂಡಿತು. ಆದರೆ ಪಾದ ಮರದ ತುಂಡಾಗಿತ್ತು, ಅತ್ತ ತಿರುಗದು, ಇತ್ತ ಬಾಗದು. ಮೇಲೆ ಹತ್ತಲಾಗದ ಬೋರ್ಡಿನವನಿಗೆ ಯಾರು ಕೆಲಸ ಕೊಡುತ್ತಾರೆ? ಅಂಗಡಿಯ ಹೆಸರುಗಳೆಲ್ಲ ಇರುವುದೇ ತಲೆಯ ಮೇಲೆ. ಇವರಿಗೆ ಬೇರೆ ಕೆಲಸ ಬರುವುದಿಲ್ಲ, ಬೇಕಾಗಿಯೂ ಇಲ್ಲ. “ಇನ್ನು ಹತ್ತೋದು ಸಾಕು, ಕೈಮುಗೀತೀನಿ” ಎಂದು ನಾನು ದಿನಾ ಗೋಗರೆಯುತ್ತಿದ್ದೆ. ಇವರು ಕಿವಿ ಕೇಳಿಸದವರಂತೆ ಕೂತಿರುತ್ತಿದ್ದರು.

ಕಾಲನ್ನು ಸರಿಮಾಡಲು ಒಬ್ಬಳು ಫಿಸಿಯೋಥೆರಪಿಸ್ಟ್ ಸಿಕ್ಕಳು, ನನ್ನ ಮಗಳ ವಯಸ್ಸಿನ ಹುಡುಗಿ. ಮಾತು ಮೆತ್ತಗೆ, ಹಿಡಿತ ಮಾತ್ರ ಕಬ್ಬಿಣ. “ಮನೇಲಿ ಕಾಲು ಚಾಚಿಕೊಂಡು ಕೂತು, ಹೆಬ್ಬೆರಳಿಂದ ಗಾಳೀಲಿ ಅಕ್ಷರಮಾಲೆ ಬರೀರಿ ಸರ್. ಅ, ಆ, ಇ, ಈ ಅಂತ. ಕೀಲು ಎಲ್ಲಾ ದಿಕ್ಕಿಗೂ ಆಡುತ್ತೆ” ಎಂದಳು. ಅಯ್ಯೋ, ಎಂಥವರಿಗೆ ಎಂಥಾ ಮಾತು ಹೇಳಿದೆ ಅಂತ ಆ ಮಗುವಿಗೇನು ಗೊತ್ತು!

ಬೇರೆಯವರಾಗಿದ್ದರೆ ಕಾಫಿ ಆರುವುದರೊಳಗೆ ಬರೆದು ಮುಗಿಸುತ್ತಿದ್ದರು. ಇವರಿಗೆ ‘ಅ’ ಒಂದಕ್ಕೇ ಬೆಳಗಿನ ಅರ್ಧ ಹೊತ್ತು ಹೋಯಿತು. ತೆಳು ಗೆರೆ, ದಪ್ಪ ಗೆರೆ, ಬಲಕ್ಕೆ ನೆರಳು. ‘ಋ’ ಅಂತೂ ಬರೆದು, ಪಾದ ಅಲ್ಲಾಡಿಸಿ ಅಳಿಸಿ, ಮತ್ತೆ ಬರೆದರು.

“ಗಾಳೀಲಿ ಬರೆದದ್ದನ್ನ ಅದೇನು ಅಳಿಸ್ತೀರಿ?”

“ಅಕ್ಷರದ ಸೊಂಟ ಸರಿ ಬಂದಿಲ್ಲ ಕಣೇ. ನೋಡಿದೋರು ನಗ್ತಾರೆ.”

ನೋಡುವವಳು ನಾನೊಬ್ಬಳೇ, ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ವಾರ ಕಳೆಯುವುದರೊಳಗೆ ಹರಡು ಮತ್ತೆ ಊದಿ ಕೂತಿತು.

ಫಿಸಿಯೋ ಹುಡುಗಿ ಗಾಬರಿಯಾದಳು. “ಏನ್ ಮಾಡಿದ್ರಿ ಸರ್? ಅಕ್ಷರ ತಾನೇ ಬರೀರಿ ಅಂದಿದ್ದು?”

“‘ಙ’ವರೆಗೂ ಆಗಿದೆ ಮೇಡಂ,” ಎಂದರು ಇವರು ಗಂಭೀರವಾಗಿ. “ನೆರಳು ಹಾಕೋದು ಸ್ವಲ್ಪ ಬಾಕಿ ಇದೆ.”

ನಾನು ನಡೆದದ್ದನ್ನೆಲ್ಲ ಹೇಳಿದೆ. ಹುಡುಗಿ ನಕ್ಕೂ ನಕ್ಕೂ ಕುರ್ಚಿ ಹುಡುಕಿ ಕೂತಳು. “ಸರ್, ಇದು ಬೋರ್ಡಲ್ಲ, ಕಾಲು! ಇವತ್ತಿಂದ ನಿಮಗೆ ಅಕ್ಷರ ಬಂದ್” ಎಂದು, ರಬ್ಬರ್ ಪಟ್ಟಿ ಎಳೆಯುವುದು, ಒಂಟಿಕಾಲಲ್ಲಿ ನಿಲ್ಲುವುದು, ಮೆಟ್ಟಿಲು ಹತ್ತಿಳಿಯುವುದು ಹೇಳಿಕೊಟ್ಟಳು. ಇವರು ಒಂಟಿಕಾಲಲ್ಲಿ ನಿಂತು, ಕಿಟಕಿಯಾಚೆ ಕಾಣುವ ಬ್ಯಾಂಕಿನ ಬೋರ್ಡಿನಲ್ಲೂ ಮೆಡಿಕಲ್ ಶಾಪಿನ ಬೋರ್ಡಿನಲ್ಲೂ ತಪ್ಪು ಹುಡುಕುತ್ತಿದ್ದರು. ಹಾಗೇ ವಾರಗಳು ಕಳೆದವು, ಊರುಗೋಲು ಬಾಗಿಲ ಹಿಂದೆ ಸೇರಿತು.

ಆ ಹುಡುಗಿಯ ಕ್ಲಿನಿಕ್ಕಿನಲ್ಲೇ ಇನ್ನೊಬ್ಬರಿದ್ದರು, ಆಕ್ಯುಪೇಷನಲ್ ಥೆರಪಿಸ್ಟ್. ಪೆಟ್ಟಾದವರು ತಮ್ಮ ತಮ್ಮ ಕೆಲಸಕ್ಕೆ ಮರಳಲು ದಾರಿ ಹುಡುಕಿಕೊಡುವವರು. ಬೇಕರಿಗೇ ಬಂದು ಗೋಡೆ, ಏಣಿ ಎಲ್ಲ ನೋಡಿದರು. “ಈ ಏಣಿ ಬೇಡ. ಅಗಲ ಮೆಟ್ಟಿಲಿರೋ, ಸುತ್ತ ಕಂಬಿ ಇರೋ ಅಟ್ಟಣೆ ಬಾಡಿಗೆಗೆ ತನ್ನಿ. ಆಮೇಲೆ ಬೇಕಾದಷ್ಟು ಹಿಂದಕ್ಕೆ ಸರೀರಿ, ಕಂಬಿ ಹಿಡ್ಕೊಳ್ಳುತ್ತೆ” ಎಂದರು.

“ತೊಟ್ಟಿಲಲ್ಲಿ ಕೂತು ಬರೀಲಾ?” ಎಂದು ಇವರು ಮುಖ ಗಂಟು ಹಾಕಿದರು. ಹತ್ತುವುದೇ ಆದರೆ ಇದನ್ನೇ ಹತ್ತಲಿ ಎಂದು ಹಟ ಹಿಡಿದವಳು ನಾನು, ಕೇಳಬೇಕಲ್ಲ! ಅಟ್ಟಣೆ ಬಂತು.

ಕಾಲು ಸಿದ್ಧ ಎಂದು ಹುಡುಗಿ ಹೇಳಿದ ಮಾರನೆಯ ದಿನ ಬೆಳಿಗ್ಗೆಯೇ ಹೋದೆವು. ಬೇಕರಿಯವನು ಕಾದು ಕಾದು ಬೇಸತ್ತಿದ್ದ. “ಬಂದೋರೆಲ್ಲ ಬ್ರೆಡ್ ಸಿಗುತ್ತೋ ಸಿಗಲ್ವೋ ಅಂತ ಕೇಳ್ತಾರೆ ಸ್ವಾಮಿ. ಇವತ್ತು ಮುಗಿಸಿಕೊಡಿ. ಇಲ್ಲಾಂದ್ರೆ ನಾಳೆ ಪ್ರಿಂಟ್ ಬೋರ್ಡು ಹಾಕಿಸಿಬಿಡ್ತೀನಿ.”

ಇವರು ಬ್ರಷ್ ಹಿಡಿದು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟರು. ತೆಗೆದರು. ಶೂ ಲೇಸು ಬಿಗಿದರು. ಮತ್ತೆ ಇಟ್ಟರು, ತೆಗೆದರು. ಕಲಸಿದ ಬಣ್ಣವನ್ನೇ ಇನ್ನೊಮ್ಮೆ ಕಲಸಿದರು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಅಂದರು, “ಕಾಲು ನೋಯ್ತಿಲ್ಲ ಕಣೇ. ಭಯ ಆಗ್ತಿದೆ. ನೀನು ಹೇಳಿದ್ದೇ ಸರಿ, ಸಾಕು. ಪ್ರಿಂಟ್ ಹಾಕಿಸ್ಲಿ ಬಿಡು.”

ಮದುವೆಯಾದಾಗಿನಿಂದ ಈ ಮನುಷ್ಯನ ಬಾಯಲ್ಲಿ ಭಯ ಎಂಬ ಮಾತು ಕೇಳಿರಲಿಲ್ಲ. ನಾನು ಗೋಗರೆದು ಕೇಳಿದ್ದೇ ಕೈಗೆ ಸಿಕ್ಕಿತ್ತು. ಸಂತೋಷಪಡಬೇಕಾಗಿತ್ತು. ಆದರೆ ಎಲ್ಲಿಲ್ಲದ ಸಿಟ್ಟು ಬಂತು. ಚೀಲ ಕೆಳಗಿಟ್ಟು, ಕಂಬಿ ಹಿಡಿದು, ಅಟ್ಟಣೆ ಹತ್ತಿಯೇಬಿಟ್ಟೆ. ತೂಕದಲ್ಲಿ ಇವರಿಗಿಂತ ನಾನು ಒಂದು ಕೈ ಮೇಲೆ. ಜನ್ಮದಲ್ಲಿ ಸ್ಟೂಲು ಹತ್ತಿದವಳಲ್ಲ.

“ಏಯ್, ಏನೇ ಇದು! ಇಳಿ!”

“ಇಳಿಯಲ್ಲ. ನೀವು ಬರೀದಿದ್ರೆ ನಾನೇ ಬರೀತೀನಿ. ನನ್ನ ಕೈಬರಹ ಗೊತ್ತಲ್ಲ!”

ಹೇಳಿದ್ದೇನೋ ಜೋರಾಗಿಯೇ. ಆಮೇಲೆ ಕೆಳಗೆ ನೋಡಿಬಿಟ್ಟೆ. ಎರಡೂ ಕೈಯಲ್ಲಿ ಕಂಬಿ ತಬ್ಬಿಕೊಂಡು ಕಣ್ಣು ಮುಚ್ಚಿಬಿಟ್ಟೆ. “ರೀ…” ಅನ್ನುವಷ್ಟು ಮಾತ್ರ ಬಾಯಿಂದ ಹೊರಟಿತು. ನಾಟಕವಲ್ಲ, ಆಣೆಯಿಟ್ಟು ಹೇಳುತ್ತೇನೆ.

ಕಣ್ಣು ಬಿಟ್ಟಾಗ ಇವರು ಪಕ್ಕದಲ್ಲೇ ಇದ್ದರು. ಕೈಯಲ್ಲಿದ್ದ ಬ್ರಷ್ಷನ್ನು ಅಟ್ಟಣೆಯ ಹಲಗೆಯ ಮೇಲೆಸೆದು ನನ್ನ ರಟ್ಟೆ ಹಿಡಿದರು. ತಾವು ಮುಂದಾಗಿ ಇಳಿಯುತ್ತ, ನನ್ನ ಒಂದೊಂದೇ ಪಾದವನ್ನು ಹಿಡಿದು ಮೆಟ್ಟಿಲ ಮೇಲಿಟ್ಟರು. “ಇಲ್ಲಿಡು. ಈಗ ಇನ್ನೊಂದು. ನಾನಿದ್ದೀನಿ.” ನೆಲ ಸಿಕ್ಕಿದ ಮೇಲೆ ಮನಸಾರೆ ಬೈದರು. “ಬುದ್ಧಿ ಇದೆಯಾ ನಿಂಗೆ? ಈ ವಯಸ್ಸಲ್ಲಿ ಕಾಲು ಮುರ್ಕೊಂಡ್ರೆ ಗತಿಯೇನು?” ನಾನು ಮೈದಾ ಮೂಟೆಯ ಮೇಲೆ ಕೂತು ಬೈಸಿಕೊಂಡೆ.

ಬೈದು ಮುಗಿಸಿ ಕೈ ನೋಡಿಕೊಂಡರು. “ಬ್ರಷ್ ಎಲ್ಲಿ? ಥತ್, ಎಲ್ಲಾ ನಿನ್ನಿಂದ” ಎಂದು ಗೊಣಗುತ್ತ, ಬಣ್ಣದ ಡಬ್ಬಿ ಎತ್ತಿಕೊಂಡು ಮೇಲೆ ಹತ್ತಿದರು.

ಬೇಕರಿಯವನು ಏನೋ ಹೇಳಲು ಬಾಯಿ ತೆರೆದ. ಎಲ್ಲಿ ಭಯ ನೆನಪಿಸಿಬಿಡುತ್ತಾನೋ ಎಂದು ಅವನ ತೋಳು ಚಿವುಟಿದೆ. ಇವರು ಬ್ರಷ್ಷು ಅದ್ದಿ ‘ಗು’ ಪಕ್ಕದಲ್ಲಿ ಗೆರೆಯೆಳೆದರು. ಎಳೆದವರು ಕೆಳಗೆ ನೋಡಿದರು.

“ಯಾಕೆ, ಇಬ್ರೂ ಹಾಗೆ ಬಾಯಿ ಬಿಟ್ಕೊಂಡು ನೋಡ್ತಿದ್ದೀರಿ?”

“ಏನಿಲ್ಲ, ಬಣ್ಣ ಒಣಗುತ್ತೆ, ಬರೀರಿ” ಎಂದೆ. ಅಳು ತಡೆಯಲಾಗಲಿಲ್ಲ. ಬೇಕರಿಯ ಒಳಗೆ ಹೋಗಿಬಿಟ್ಟೆ.