ಬಡಗು ಹಗ್ಗ, ತೆಂಕು ಹಗ್ಗ

ನಮ್ಮ ಸರ್ ಅವರ ಎರಡೂ ಅಂಗೈಗೆ ಅಡ್ಡವಾಗಿ ಒಂದೊಂದು ಗೀರು ಇತ್ತು, ಹಗ್ಗ ಕೊರೆದು ಆದ ಹಳೆಯ ಗಾಯದ್ದು. ಪಾಠ ಮುಗಿಯುವ ಹೊತ್ತಿಗೆ ಸೀಮೆಸುಣ್ಣದ ಪುಡಿ ಅದರಲ್ಲಿ ಕೂತು ಗೀರು ಬೆಳ್ಳಗೆ ಕಾಣುತ್ತಿತ್ತು. ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದ ನನಗೆ ಇವತ್ತಿಗೂ ಪಾಠಕ್ಕಿಂತ ಮೊದಲು ನೆನಪಾಗುವುದು ಆ ಗೆರೆ.

ಮರವಂತೆಯ ಮೀನುಗಾರರ ಮನೆಯವರು. ಓದುವ ಕಾಲದಲ್ಲಿ ಬೆಳಿಗ್ಗೆ ಅಣ್ಣನ ಜೊತೆ ಕೈರಂಪಣಿ ಎಳೆದು, ಮೈಯ ಉಪ್ಪು ತೊಳೆದುಕೊಂಡು ಬಸ್ಸು ಹತ್ತುತ್ತಿದ್ದರಂತೆ. ದೋಣಿಯಲ್ಲಿ ಹೋಗಿ ಕಡಲಲ್ಲಿ ಅರ್ಧ ಸುತ್ತು ಬಲೆ ಬಿಟ್ಟು, ಅದರ ಎರಡು ತುದಿಯ ಹಗ್ಗಗಳನ್ನು ಎರಡು ಗುಂಪಿನವರು ದಡದಲ್ಲಿ ನಿಂತು ಎಳೆಯುತ್ತಾರಲ್ಲ, ಅದೇ. ಒಂದು ಬಡಗು ಹಗ್ಗ, ಇನ್ನೊಂದು ತೆಂಕು ಹಗ್ಗ. ಸರ್ ಯಾವ ಮಾತು ಶುರು ಮಾಡಿದರೂ ಕಡೆಗೆ ಈ ಹಗ್ಗಕ್ಕೇ ಬರಬೇಕು. "ಯಾರ್ ಯಾವ ಹಗ್ಗಕ್ಕೆ? ಅದನ್ನ್ ಮೊದ್ಲ್ ಹೇಳಿ" ಎನ್ನುವರು. ಒಮ್ಮೆ ಪರೀಕ್ಷೆಯ ಡ್ಯೂಟಿ ಪಟ್ಟಿಯಲ್ಲೂ 'ಬಡಗು', 'ತೆಂಕು' ಎಂದು ಬರೆದು ಅಂಟಿಸಿದರು. ಘಟ್ಟದ ಮೇಲಿನಿಂದ ಹೊಸದಾಗಿ ಬಂದಿದ್ದ ಪ್ರಿನ್ಸಿಪಾಲರು, ಪಾಪ, ಕಾಲೇಜಿನಲ್ಲಿ ಯಕ್ಷಗಾನ ಇದೆಯೇ ಎಂದು ಕೇಳಿದ್ದರು.

ನಾನು ಕುಂದಾಪುರದ ಆ ಕಾಲೇಜಿಗೆ ಓದಲು ಸೇರಿದ್ದು ತೊಂಬತ್ತೇಳರಲ್ಲಿ. ಆಗ ನಮ್ಮ ಲ್ಯಾಬಿನ ಒಂದು ಕಂಪ್ಯೂಟರಿಗೆ ಒಂದೇ ಪ್ರೊಸೆಸರ್. ಸರ್ ಮಾತ್ರ ಮುಂದಿನದನ್ನು ಹೇಳುವರು: "ಹತ್ತಾರ್ ಪ್ರೊಸೆಸರ್ ಇಪ್ಪು ಕಾಲ ಬತ್ತ್, ಕಾಣಿ. ಆಗ ಕೆಲ್ಸ ಮಾಡುದ್ಕಿಂತ ಹಂಚುದೇ ಕಷ್ಟ. ಬಡಗು ಹಗ್ಗ ಹಿಡ್ದವ ನಡುವಲ್ಲಿ ತೆಂಕಿಗೆ ಓಡ್ರೆ, ಮರಳಲ್ಲಿ ಓಡೂಕೇ ಹೊತ್ತ್ ಹೋತ್ತ್." ನಾವು ಹುಡುಗಿಯರು ಬಾಯಿಗೆ ಶಾಲು ಅಡ್ಡ ಹಿಡಿದು ನಗುತ್ತಿದ್ದೆವು.

ಹದಿನೈದು ವರ್ಷದ ಮೇಲೆ ಆ ಕಾಲ ಬಂತು. ಅಷ್ಟರಲ್ಲಿ ನಾನೂ ಅಲ್ಲೇ ಅಧ್ಯಾಪಕಿಯಾಗಿದ್ದೆ. ಮುಂಬೈಯಲ್ಲಿದ್ದ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಆಫೀಸಿನವರು ಬಿಟ್ಟ ಸರ್ವರ್ ಒಂದನ್ನು ಕಾಲೇಜಿಗೆ ಕಳಿಸಿದ. ಎಂಬತ್ತು ಪ್ರೊಸೆಸರ್! ಪರದೆಯ ಮೇಲೆ ಎಂಬತ್ತು ಸಣ್ಣ ಚೌಕಗಳು. ದುಡಿಯುತ್ತಿರುವ ಪ್ರೊಸೆಸರಿನ ಚೌಕದಲ್ಲಿ ಗೆರೆ ಏರುತ್ತದೆ. ಆದರೆ ಅದು ಬರುವ ಹೊತ್ತಿಗೆ ಸರ್ ಅವರ ಲಿವರ್ ಕೈಕೊಟ್ಟಿತ್ತು.

ಅವರಿಗೆ ಆ ಯಂತ್ರದಿಂದ ಆಗಬೇಕಾದ ಕೆಲಸ ಒಂದೇ. ಅವರ ಅಣ್ಣ ಮರವಂತೆಯಲ್ಲಿ ಕಡಲ ಬದಿಯ ಹಳೆಯ ಜಾಗದಲ್ಲೇ ಹೊಸ ಮನೆ ಕಟ್ಟಲು ಕೆಂಪುಕಲ್ಲು ತಂದು ಹಾಕಿಸಿದ್ದರು. ಕಡಲು ಎಷ್ಟು ಒಳಗೆ ಬರುತ್ತಿದೆ ಎಂದು ಸರ್ ವರ್ಷಗಟ್ಟಲೆ ತಿಂಗಳು ತಿಂಗಳು ಅಳೆದು ಬರೆದಿಟ್ಟಿದ್ದರು. ಅದರಿಂದ ಮುಂದಿನದನ್ನು ಲೆಕ್ಕ ಹಾಕಿ ಅಣ್ಣನಿಗೆ ತೋರಿಸಬೇಕು. ಅಣ್ಣನದು ಒಂದೇ ಹಟ: "ಕಂಪ್ಯೂಟರ್ ಹೇಳ್ತ್ ಅಂದ್ ನಾ ಜಾಗ ಬಿಡುದಿಲ್ಲೆ. ನನ್ ತಮ್ಮ ಕಣ್ಣಾರೆ ಕಂಡ್ ಹೇಳ್ರೆ ಬಿಡ್ತೆ."

ಪ್ರೋಗ್ರಾಮು ಬರೆದವಳು ನಾನು. ಎಂಬತ್ತೂ ಪ್ರೊಸೆಸರ್ ದುಡಿದರೆ ಹದಿನೆಂಟು ದಿನ ಓಡಬೇಕೆಂದು ಅಂದಾಜು. ಶುರು ಮಾಡಿದ ದಿನವೇ ಸರ್ ಆಸ್ಪತ್ರೆ ಸೇರಿದರು. ನಾನು ದಿನಾ ಲ್ಯಾಬಿಗೆ ಹೋಗಿ, ಆ ಚಿಕ್ಕ ಮಾನಿಟರಿನಲ್ಲಿ ಕಾಣುತ್ತಿದ್ದ ಮೇಲಿನ ಸಾಲುಗಳಲ್ಲಿ ಗೆರೆ ಏರಿರುವುದನ್ನು ನೋಡಿ, ಬಾಗಿಲು ಹಾಕಿ ಬರುತ್ತಿದ್ದೆ. ದೊಡ್ಡ ಜಾಣೆ!

ಒಂಬತ್ತನೆಯ ದಿನ ಸರ್ ಆಸ್ಪತ್ರೆಯಿಂದ ಬಿಟ್ಟವರು ರಿಕ್ಷಾದಲ್ಲಿ ನೇರ ಲ್ಯಾಬಿಗೇ ಬಂದರು. ಕುರ್ಚಿಯಲ್ಲಿ ಕೂತು ಪರದೆಯನ್ನು ಕೆಳಗೆ ಸರಿಸಿದರು. ಕೆಳಗಿನ ನಲವತ್ತು ಚೌಕಗಳಲ್ಲಿ ಗೆರೆ ನೆಲಬಿಟ್ಟು ಎದ್ದೇ ಇರಲಿಲ್ಲ.

"ತೆಂಕ್ ಹಗ್ಗಕ್ಕೆ ಒಬ್ರೂ ಇಲ್ಯಲ್ಲೆ, ಮಾರಾಯ್ತಿ!"

ಎಂಬತ್ತು ಪ್ರೊಸೆಸರುಗಳನ್ನು ಆಪರೇಟಿಂಗ್ ಸಿಸ್ಟಮ್ಮು ನಲವತ್ತು ನಲವತ್ತರ ಎರಡು ಗುಂಪು ಮಾಡಿರುತ್ತದೆ. ಪ್ರೋಗ್ರಾಮು ಶುರುವಾಗುವುದು ಒಂದೇ ಗುಂಪಿನಲ್ಲಿ. ಅದರ ಥ್ರೆಡ್ಡುಗಳು, ಅಂದರೆ ಒಳಗೆ ಒಟ್ಟೊಟ್ಟಿಗೆ ದುಡಿಯುವ ಆಳುಗಳು, ನೀನು ಆ ಗುಂಪಿಗೆ ಹೋಗು ಎಂದು ನಾವು ಹೇಳದಿದ್ದರೆ ಎಲ್ಲರೂ ಇದ್ದಲ್ಲೇ ನೂಕಾಡುತ್ತಾರೆ. ನಾನು ಹೇಳಿರಲಿಲ್ಲ. ಯಾರು ಯಾವ ಹಗ್ಗಕ್ಕೆ ಎಂದು ಹದಿನೈದು ವರ್ಷ ಕೇಳಿಸಿಕೊಂಡವಳು ಅದೊಂದನ್ನೇ ಹೇಳಿರಲಿಲ್ಲ. ಹೀಗೇ ಬಿಟ್ಟರೆ ಇನ್ನೂ ಇಪ್ಪತ್ತೇಳು ದಿನ; ಅದಕ್ಕಿಂತ ಈಗಲೇ ನಿಲ್ಲಿಸಿ ಮೊದಲಿನಿಂದ ಶುರು ಮಾಡಬೇಕು. ಒಂಬತ್ತು ದಿನ ನೀರಲ್ಲಿ ಹೋಮ. ನಾನು ಅಲ್ಲೇ ಅತ್ತುಬಿಟ್ಟೆ.

"ಮರ್ಕ್‌ಬೇಡ. ಬಲೆ ಹರೀಲಿಲ್ಲ ಅಲ್ದಾ? ಮತ್ತೆ ಬಿಡುವ" ಎಂದರು ಸರ್. ಅವರು ಹೇಳುತ್ತ ಹೋದರು, ನಾನು ಟೈಪ್ ಮಾಡಿದೆ: ಮೊದಲ ನಲವತ್ತು ಥ್ರೆಡ್ಡು ಆ ಗುಂಪಿಗೆ, ಉಳಿದ ನಲವತ್ತು ಈ ಗುಂಪಿಗೆ. ಮತ್ತೆ ಓಡಿಸಿದಾಗ ಎಂಬತ್ತು ಚೌಕಗಳಲ್ಲೂ ಗೆರೆ ಒಟ್ಟಿಗೆ ಎದ್ದಿತು. ಸರ್ ಅಂಗೈಯನ್ನು ಪರದೆಯ ಮೇಲೆ ಇಟ್ಟರು. ಪಾಠ ಬಿಟ್ಟು ತಿಂಗಳುಗಳಾಗಿತ್ತು. ಗೀರಿನಲ್ಲಿ ಸುಣ್ಣ ಇರಲಿಲ್ಲ.

ಆಮೇಲೆ ದಿನಾ ಸಂಜೆ ಅವರ ಮನೆಗೆ ಹೋಗುತ್ತಿದ್ದೆ. "ಎರಡೂ ಹಗ್ಗ ಸಮ ಬತ್ತಿತ್ತಾ?" ಎಂದು ಕೇಳುವರು. "ಬತ್ತಿತ್ತ್, ಸರ್" ಎನ್ನುವೆ. ಮತ್ತೆ ಓಡಿಸಿದ ಹದಿನೈದನೆಯ ದಿನ ಮಾತು ಹೊರಡಲಿಲ್ಲ, ಎರಡು ಬೆರಳು ಎತ್ತಿ ಕೇಳಿದರು. ಹದಿನಾರನೆಯ ದಿನ ಹೋದರು.

ಉತ್ತರ ಹದಿನೆಂಟನೆಯ ದಿನ ಬಂತು. ನಾನು ಮೊದಲೇ ಸರಿಯಾಗಿ ಹಂಚಿದ್ದರೆ, ಅವರು ಹೋಗುವುದಕ್ಕೆ ಒಂದು ವಾರ ಮೊದಲೇ ಬಂದಿರುತ್ತಿತ್ತು.

ಕಾಗದ ಹಿಡಿದು ಮರವಂತೆಗೆ ಹೋದೆ. ಅಣ್ಣ ಕೆಂಪುಕಲ್ಲಿನ ರಾಶಿಯ ಮೇಲೆ ಕಡಲಿಗೆ ಮುಖ ಮಾಡಿ ಕೂತಿದ್ದರು. ಈ ಜಾಗ ಹತ್ತು ವರ್ಷವೂ ಉಳಿಯುವುದಿಲ್ಲ ಎಂದೆ. ಕಾಗದವನ್ನು ಅವರು ತಿರುಗಿಯೂ ನೋಡಲಿಲ್ಲ.

"ಟೀಚರೇ, ಇದನ್ನ್ ನನ್ ತಮ್ಮ ಕಂಡಿದ್ನಾ?"

ಇಲ್ಲ ಎಂದರೆ ಅವರು ಅಲ್ಲೇ ಮನೆ ಕಟ್ಟುತ್ತಾರೆ.

"ಕಂಡಿದ್ರ್. ಹೋಪ್ ಹಿಂದಿನ್ ದಿನ ನಾನೇ ತೋರ್ಸಿದ್ದೆ" ಎಂದೆ.

ಅವರು ಹೆಗಲ ಬೈರಾಸಿನಿಂದ ಮುಖ ಮುಚ್ಚಿಕೊಂಡು ತುಂಬ ಹೊತ್ತು ಅತ್ತರು. ಮರುವಾರ ಕಲ್ಲುಗಳು ಹೆದ್ದಾರಿ ದಾಟಿ ಹೊಳೆಯ ಬದಿಗೆ ಹೋದವು.

ಗೃಹಪ್ರವೇಶಕ್ಕೆ ನನ್ನನ್ನೂ ಕರೆದಿದ್ದರು. ಗೋಡೆಯಲ್ಲಿ ಸರ್ ಅವರ ಫೋಟೋ, ಅದಕ್ಕೆ ಮಲ್ಲಿಗೆ ಹಾರ. ಅಣ್ಣ ಬಂದವರಿಗೆಲ್ಲ ಕೈ ಹಿಡಿದು ಹೇಳುತ್ತಿದ್ದರು: "ಇದ್ ನನ್ ತಮ್ಮ ಕಂಡ್ ಹೇಳ್ದ್ ಜಾಗ." ನನ್ನ ಹತ್ತಿರ ಬಂದು, "ಅಲ್ದಾ, ಟೀಚರೇ?" ಎಂದರು.

"ಹೌದ್" ಎಂದೆ. ಅವರು ಕಂಡಿರಲಿಲ್ಲ. ನನ್ನಿಂದಾಗಿ ಕಂಡಿರಲಿಲ್ಲ.