ರೈಟರ್ ಸೋಮಣ್ಣನವರ ಸೈಕಲ್ ಸೀಟು

ಕಳೆದ ತಿಂಗಳು ಹತ್ತು ದಿನ ನಾನು ಊಟಕ್ಕೆ ಕೂತದ್ದು ದಿಂಬಿನ ಮೇಲೆ. ನಗಬೇಡಿ. ನನ್ನ ಹೆಂಡತಿ ಆಗಲೇ ಎಲ್ಲರ ಪಾಲಿನದನ್ನೂ ನಕ್ಕಾಗಿದೆ.

ನನ್ನ ಶುಗರ್ ಪುರಾಣ ಈ ಅಂಕಣ ಓದುವವರಿಗೆ ಹೊಸದಲ್ಲ. ಈ ಸಲ ಡಾಕ್ಟರು, "ಆ ಜೀಪು ಬಿಡಿ, ದಿನಾ ಸೈಕಲ್ ಹೊಡೀರಿ" ಅಂದರು. ಮೂಡಿಗೆರೆಯಿಂದ ಗೇರ್ ಸೈಕಲ್ ಬಂತು. ತೋಟದ ರಸ್ತೆಯಲ್ಲಿ ಎರಡು ಕಿಲೋಮೀಟರ್ ಹೋಗಿ ಬಂದೆ. ಕೂರುವುದು ಅಂದರೇನು ಎಂದು ನಲವತ್ತೆಂಟನೇ ವಯಸ್ಸಿನಲ್ಲಿ ಮೊದಲ ಸಲ ಯೋಚಿಸುವಂತಾಯಿತು.

ಉಪದೇಶಕ್ಕೇನು ಬರವೇ? ಒಬ್ಬರು ಸ್ಪಂಜಿನ ಕವರ್ ಹಾಕಿ ಅಂದರು. ಹಾಕಿದೆ. ಇನ್ನೊಬ್ಬರು ಅಗಲದ ಸೀಟು ಕೊಳ್ಳಿ ಅಂದರು. ಕೊಂಡೆ. ಅದರ ಮೇಲೊಂದು ಟವೆಲ್ಲು ಹಾಸಿದ್ದು ನನ್ನ ಸ್ವಂತ ಸಂಶೋಧನೆ. (ಟವೆಲ್ಲು ಚೈನಿಗೆ ಸಿಕ್ಕಿಕೊಂಡ ಕತೆ ಬೇಡ ಬಿಡಿ.)

ಕೊನೆಗೆ ಬಸ್ ಸ್ಟ್ಯಾಂಡ್ ಹಿಂದೆ ಸೈಕಲ್ ಶಾಪ್ ಇಟ್ಟಿರುವ ಖಾದರ್ ಸಾಬರ ಹತ್ತಿರ ಹೋದೆ. ಅವರು ಸೀಟು ಮುಟ್ಟಲಿಲ್ಲ. ನನ್ನನ್ನು ಕೂರಿಸಿ ನೋಡಿದರು.

"ಸೀಟಿಗೆ ಏನಾಗಿದೆ ಮಾರಾಯ್ರೆ? ನೀವು ಜೀಪಲ್ಲಿ ಕೂತಂಗೆ ಕೂತಿದೀರಿ!"

ಪೆಡಲ್ ಪೂರ್ತಿ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕಂತೆ. ನನ್ನದು ಮಡಚಿಕೊಂಡೇ ಇತ್ತು. ಸೀಟನ್ನು ನಾಲ್ಕು ಬೆರಳು ಏರಿಸಿದರು. ಆಕಾಶ ನೋಡುತ್ತಿದ್ದ ಅದರ ಮೂತಿಯನ್ನು ಮಟ್ಟ ಮಾಡಿದರು. "ಭಾರ ಎಲ್ಲಾ ಹಿಂದೆ ಹಾಕ್ಬೇಡಿ. ಸ್ವಲ್ಪ ಮುಂದೆ ಬಗ್ಗಿ, ಕೈಕಾಲಿಗೂ ಹಂಚಿ" ಅಂದರು. ಸ್ಪಂಜಿನ ಕವರ್ ಕಿತ್ತು ನನ್ನ ಕೈಗೇ ಕೊಟ್ಟರು. ನಾಲ್ಕು ದಿನಕ್ಕೆ ದಿಂಬು ಮಂಚಕ್ಕೆ ವಾಪಸ್ಸಾಯಿತು.

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ನಾನೂ ಸ್ಪ್ಯಾನರ್ ಹಿಡಿದು ಕಂಡಕಂಡವರ ಸೀಟು ಅಳೆಯತೊಡಗಿದೆ. ಹಾಗೆ ಸಿಕ್ಕಿದವರು ರೈಟರ್ ಸೋಮಣ್ಣ.

ಸೋಮಣ್ಣ ಅಪ್ಪನ ಕಾಲದಿಂದ ನಮ್ಮ ತೋಟದಲ್ಲಿ ಆಳುಗಳ ಹಾಜರಿ ಹಾಕುವವರು. ನನಗಿಂತ ಹತ್ತು ವರ್ಷ ದೊಡ್ಡವರು. ಮಂಡಿನೋವು. ಎಣ್ಣೆ, ಮುಲಾಮು, ಇಂಜೆಕ್ಷನ್ ಎಲ್ಲಾ ಆಗಿತ್ತು. "ಈ ಸಲ ಕೊಯ್ಲು ಮುಗಿದ್ರೆ ಕೆಲ್ಸ ಬಿಡ್ತೀನಿ ಗೌಡ್ರೆ, ಮಂಡಿ ಕೇಳ್ತಿಲ್ಲ" ಅಂತ ಹಿಂದಿನ ವಾರವಷ್ಟೇ ಹೇಳಿದ್ದರು. ಮಗಳ ಓದು ಇನ್ನೂ ಮುಗಿದಿಲ್ಲ. ಬಿಟ್ಟು ಮಾಡುವುದೇನು?

ಅವರ ಸೈಕಲ್ ನೋಡಿದೆ. ಸೀಟು ಪೂರ್ತಿ ತಳಕ್ಕೆ ಕೂತಿತ್ತು. ಅಷ್ಟುದ್ದದ ಮನುಷ್ಯ ತುಳಿದರೆ ಮಂಡಿ ಎದೆಗೇ ಬರಬೇಕು. ನೋವು ಬರದೆ ಇನ್ನೇನು?

ಸ್ಪ್ಯಾನರ್ ತಂದೆ. ಸೋಮಣ್ಣ ಸೀಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಬೇಡ ಗೌಡ್ರೆ. ಎತ್ತರ ಮಾಡಿದ್ರೆ ಕಾಲು ನೆಲಕ್ಕೆ ಎಟುಕಲ್ಲ. ತಿರುವಲ್ಲಿ ನಿಮ್ ಜೀಪು ಬಂದಾಗ ಗಕ್ಕನೆ ಇಳೀಬೇಕಲ್ಲ?"

"ಇಳೀರಿ ಅಂತ ಯಾರು ಹೇಳಿದ್ರು?"

"ದೊಡ್ಡ ಗೌಡ್ರು. ನಾನು ಕೆಲ್ಸಕ್ಕೆ ಸೇರಿದ ಹೊಸದ್ರಲ್ಲಿ ಒಂದ್ಸಲ ಇಳಿಯೋದು ತಡ ಆಯ್ತು. ಅವ್ರೇ ನಿಂತು ಸೀಟು ಕೆಳಗೆ ಮಾಡ್ಸಿದ್ರು."

ದೊಡ್ಡ ಗೌಡರು ಅಂದರೆ ನನ್ನ ಅಪ್ಪ. ತೀರಿಕೊಂಡು ಒಂಬತ್ತು ವರ್ಷವಾಯಿತು. ಆ ಒಂಬತ್ತು ವರ್ಷವೂ ಜೀಪು ಕಂಡಾಗಲೆಲ್ಲ ಸೋಮಣ್ಣ ಇಳಿದು ನಿಂತಿದ್ದಾರೆ. ನಾನು ಸ್ಟೀರಿಂಗ್ ಮೇಲಿಂದ ಎರಡು ಬೆರಳು ಎತ್ತಿ ಹೋಗಿದ್ದೇನೆ. ದಾರಿ ಬಿಡುತ್ತಿದ್ದಾರೆ ಅಂದುಕೊಂಡಿದ್ದೆ. ಸುಳ್ಳೇಕೆ? ಏನೂ ಅಂದುಕೊಂಡಿರಲಿಲ್ಲ. ನನಗೆ ನಾಚಿಕೆಯಾಯಿತು.

"ಇನ್ಮೇಲೆ ಇಳೀಬೇಡಿ ಸೋಮಣ್ಣ" ಅಂದೆ. ಅವರು ನಂಬಲಿಲ್ಲ. ಎರಡು ಸಲ ಹೇಳಿದ ಮೇಲೆ ಕೈ ತೆಗೆದರು. ಸೀಟಿನ ಪೈಪು ತುಕ್ಕು ಹಿಡಿದು ಫ್ರೇಮಿಗೇ ಅಂಟಿಕೊಂಡಿತ್ತು. ಸೀಮೆಎಣ್ಣೆ ಬಿಟ್ಟು, ಅರ್ಧ ಗಂಟೆ ಕಾದು, ಇಬ್ಬರೂ ಹಿಡಿದು ತಿರುಚಿದ ಮೇಲೆ ಕಿರ್ರೆಂದು ಮೇಲೆ ಬಂತು.

ಮೊದಲೆರಡು ದಿನ ಜೀಪು ಕಂಡ ಕೂಡಲೇ ಇಳಿಯಲು ಹೋಗಿ, ಕಾಲಿಗೆ ನೆಲ ಸಿಗದೆ ಚರಂಡಿ ಕಡೆ ವಾಲಿದರು. ಮೂರನೇ ದಿನ ನಾನೇ ಜೀಪು ನಿಲ್ಲಿಸಿ ಕೈಮುಗಿದೆ.

ಮೊನ್ನೆ ಗುರುವಾರ ಮತ್ತೆ ಜೀಪಿನಲ್ಲಿ ಹೋಗುತ್ತಿದ್ದೆ (ಡಾಕ್ಟರಿಗೆ ಹೇಳಬೇಡಿ). ತಿರುವಿನಲ್ಲಿ ಸೋಮಣ್ಣ ಎದುರಾದರು. ಬೆನ್ನು ನೆಟ್ಟಗೆ, ಕಾಲು ಸಲೀಸು. "ನಮಸ್ಕಾರ ಗೌಡ್ರೆ" ಅಂತ ಒಂದು ಕೈ ಎತ್ತಿದರು. ಬ್ರೇಕ್ ಕೂಡ ಮುಟ್ಟದೆ ಹೋಗೇಬಿಟ್ಟರು.

ಮಂಡಿನೋವು ಅರ್ಧ ಇಳಿದಿದೆಯಂತೆ. ಕೆಲಸ ಬಿಡುವ ಮಾತು ಮತ್ತೆ ಎತ್ತಿಲ್ಲ. ನನಗೆ ಸಂತೋಷವಾಯಿತು, ನಿಜ. ಆದರೆ ಅದಕ್ಕೂ ಮೊದಲು, ಆ ಸೈಕಲ್ ಜೀಪಿನ ಪಕ್ಕದಲ್ಲಿ ದಾಟುವಾಗ, ಎದೆಯೊಳಗೆ ಚುರ್ ಅಂದಿತು. ಇಳಿಯಲೇ ಇಲ್ಲವಲ್ಲ ಈ ಮನುಷ್ಯ!

ಇದಕ್ಕೆ ಯಾವ ಸ್ಪ್ಯಾನರ್ ಹಾಕಬೇಕು, ಖಾದರ್ ಸಾಬರೇ?